ಬ್ಯಾಳಿ ತುಳೀಲಾರ್ದ ಊರು

ಸಂಪಾದಕರಿಗಿ ನಮಸ್ಕಾರ್ರೀ,

ಹ್ವಾದ ವಾರ ನಿಮ್ಮ ಪೇಪರಿನ ಓದುಗರ ಪತ್ರದಾಗ ನಮ್ಮೂರ ಹುಡುಗ ಒಬ್ಬಂವ ಬರ್ದಿದ್ದ. ಕಲಬುರಗಿ ಮನುಷ್ಯಾರು ಇರೋ ಊರಲ್ಲ, ನಳಕ್ಕ ನೀರಿಲ್ಲ, ರೋಡಿಗಿ ಡಾಂಬರಿಲ್ಲ, ಬಿಸಲಿಂದು ಅಂತೂ ಹೇಳೋದೇ ಬ್ಯಾಡ, ಡಿಗ್ರಿ ಮುಗೀತಂದ್ರ ಬೆಂಗಳೂರು ಗಾಡಿ ಹತ್ತಿಬಿಡ್ಬೇಕು, ಹಿಂದ ತಿರುಗಿ ನೋಡಬಾರ್ದು ಅಂತ. ಹುಡುಗ ಬರ್ದಿದ್ರಾಗ ಸುಳ್ಳು ಒಂದೂ ಇಲ್ರೀ, ಮೊದಲೇ ಹೇಳ್ತೀನಿ, ನಾ ಅವನ ಜೋಡಿ ಜಗಳಕ್ಕ ನಿಂತಿಲ್ಲ. ನಾನು ನೆಹರು ಗಂಜಿನಾಗ ಒಂದು ದಾಲ್ ಮಿಲ್ಲಿನಾಗ ಮೂವತ್ತೊಂದು ವರ್ಷದಿಂದ ಕಿರ್ದಿ ಬರೀತೀನಿ, ಸುಳ್ಳು ಲೆಕ್ಕ ಕಣ್ಣಿಗಿ ಬಿತ್ತಂದ್ರ ನನಗ ರಾತ್ರಿ ನಿದ್ದಿ ಹತ್ತಂಗಿಲ್ಲ. ಆ ಹುಡುಗಂದು ಸುಳ್ಳು ಲೆಕ್ಕ ಅಲ್ಲ, ಅರ್ಧಾ ಲೆಕ್ಕ. ಖರ್ಚಿನ ಬಾಜೂ ಪೂರಾ ಬರ್ದಾನ, ಜಮಾ ಬಾಜೂ ಖಾಲಿ ಬಿಟ್ಟಾನ. ಅದಕ್ಕ ಈ ಪತ್ರ. ಜರಾ ಉದ್ದ ಆಗ್ತದ, ಕತ್ತರಿಸೋದಿದ್ರ ಎಲ್ಲಿ ಬೇಕಲ್ಲಿ ಕತ್ತರಿಸ್ರಿ, ಬ್ಯಾಳಿ ಕತಿ ಒಂದು ಬಿಡಬ್ಯಾಡ್ರಿ.

ಮೊದಲ ನನ್ನ ತಕರಾರೂ ಕೇಳ್ರಿ, ಇಲ್ಲಾಂದ್ರ ಈ ಮುದುಕ ಪುರಾಣ ಹೇಳ್ಲಿಕ್ಕ ಕುಂತಾನ ಅಂತೀರಿ. ನಮ್ಮ ಮನಿ ಶಹಾಬಜಾರ್ ಕಡಿ. ಬ್ಯಾಸಿಗ್ಯಾಗ ನಮ್ಮ ಗಲ್ಲಿಗಿ ನೀರು ಬರೋದು ಐದು ದಿನಕ್ಕೊಮ್ಮೆ, ಒಮ್ಮೊಮ್ಮೆ ಏಳು, ಅದೂ ರಾತ್ರಿ ಎರಡೂವರಿಗಿ. ನಳದಾಗ ಮೊದಲ ಗಾಳಿ ಬರ್ತದ, ಹುಸ್ ಅಂತ ಸಪ್ಪಳ, ಆ ಸಪ್ಪಳ ಕೇಳಿದ್ರ ಸಾಕು ಇಡೀ ಗಲ್ಲಿ ಎದ್ದು ಕುಂದರ್ತದ, ಮೋಟರ್ ಹಚ್ಚಾಂವ ಒಬ್ಬ, ಅವನಿಗಿ ಬಯ್ಯೋರು ಹತ್ತು ಮಂದಿ, ಕೊಡ, ಬಕೀಟು, ಡ್ರಮ್ಮು, ಪೈಪು, ಕತ್ತಲದಾಗ ಒಬ್ರ ಕಾಲು ಒಬ್ರು ತುಳಕೋತ ಓಡಾಟ. ನಾಲ್ಕಕ್ಕ ನೀರು ನಿಂದರ್ತದ, ಐದಕ್ಕ ಅಜಾನ್ ಆಗ್ತದ, ಐದೂವರಿಗಿ ಗುಡಿ ಮೈಕು, ಆರಕ್ಕ ಹಾಲಿನಂವ ಗಂಟಿ ಹೊಡೀತಾನ, ಇನ್ನ ಮಲಗೋದು ಯಾವಾಗ. ಅತ್ತ ಬೆಣ್ಣೆತೊರಾ ಡ್ಯಾಮ್ ಅದ, ಇತ್ತ ಭೀಮಾ ಹೊಳಿ ಅದ, ಎರಡೂ ಕಡಿಂದ ಊರಿಗಿ ನೀರು ಬರ್ತದ ಅಂತಾರ, ನಮ್ಮ ನಳ ಮುಟ್ಟೋದ್ರಾಗ ಅದಕ್ಕೂ ದಣಿವಾಗ್ತದ ಕಾಣ್ತದ.

ಬಿಸಲಿಂದು ನಿಮಗ ಹೇಳೋದೇನದ, ನೀವೇ ಫ್ರಂಟ್ ಪೇಜಿನಾಗ ಹಾಕ್ತೀರಿ, 43, 44 ಅಂತ. ಅಂಗಳಕ್ಕ ಹಾಸಿದ ಶಹಾಬಾದ್ ಪರಸಿ ರಾತ್ರಿ ಎಂಟಾದ್ರೂ ಕಾಲು ಸುಡ್ತದ, ಅವಾಗೇ ಕರೆಂಟ್ ಹೋಗ್ತದ, ಫ್ಯಾನ್ ನಿಂತ ಕೂಡ್ಲೆ ನಮ್ಮವ್ವ "ಶಿವನೇ" ಅಂತಾಳ, ಸೊಳ್ಳಿ "ಗುಂಯ್" ಅಂತದ. ಇನ್ನ ರೋಡು. ಪೈಪ್ ಹಾಕ್ತೀವಂತ ಒಬ್ರು ಬಂದು ಅಗೀತಾರ, ಮುಚ್ಚಲಿಕ್ಕ ಬ್ಯಾರೆ ಮಂದಿ ಬರ್ಬೇಕಂತ, ಅವರು ಬಂದು ಮುಚ್ಚಿ ಹೋದ ಮರುವಾರ ಕೇಬಲ್ ಮಂದಿ ಬಂದು ನಿಂದರ್ತಾರ. ಒಂದು ಅರ್ಜಿ ತಗೊಂಡು ಒಂದು ಆಫೀಸಿಗಿ ನಾಲ್ಕು ಸಲ ಹೋಗಿ ಬಂದೀನಿ, ನಾಲ್ಕು ಸಲನೂ ಸಾಹೇಬ್ರು ಮೀಟಿಂಗಿನಾಗೇ ಇದ್ರು, ಅಟ್ಟು ಮೀಟಿಂಗ್ ಮಾಡಿದ್ರ ಊರು ಇಟ್ಟೊತ್ತಿಗಿ ಬಂಗಾರ ಆಗ್ಬೇಕಿತ್ತು. ಆಯ್ತಿಲ್ರೀ, ಇದು ನನ್ನ ಖರ್ಚಿನ ಬಾಜೂ. ಹುಡುಗನ ಪತ್ರಕ್ಕ ನನ್ನ ಸಹಿನೂ ಇರ್ಲಿ.

ಈಗ ಬ್ಯಾಳಿ.

ಹ್ವಾದ ವರ್ಷ ಆಷಾಢದಾಗ, ಮಳಿ ಹಿಡದು ಎರಡು ದಿನ ಆಗಿತ್ತು. ನಮ್ಮ ಮಗಳು ಬಾಣಂತಿ, ಅಕಿ ಮನಿಗಿ ಕೊಡ್ಲಿಕ್ಕಂತ ಮಿಲ್ಲಿನಿಂದ ಹತ್ತು ಕಿಲೋ ಫಟ್ಕಾ ಅಂದ್ರ ಒಳ್ಳೇ ದರ್ಜಿ ತೊಗರಿ ಬ್ಯಾಳಿ ತೂಗಿಸ್ಕೊಂಡು, ಚೀಲ ಸ್ಕೂಟಿ ಮ್ಯಾಲ ಕಾಲಿನ ನಡಕ ಇಟ್ಕೊಂಡು ಸಂಜಿ ಐದರ ಸುಮಾರಿಗಿ ಗಂಜ್ ಬಿಟ್ಟೆ. ಹುಮನಾಬಾದ್ ಬೇಸ್ ದಾಟಿ ಜರಾ ಮುಂದ, ರೋಡ್ ತುಂಬ ನೀರು, ಎಲ್ಲಿ ರೋಡು ಎಲ್ಲಿ ಗುಂಡಿ ತಿಳೀಲಾರ್ದಂಗ ಒಂದೇ ಸಮ ನಿಂತದ. ಮುಂದ ಹ್ವಾದ ಬೈಕು ಸರಳ ಹೋಯ್ತು, ಹಂಗಾರ ಇಲ್ಲಿ ಆಳ ಇಲ್ಲ ಅಂದ್ಕೊಂಡು ನಾನೂ ಬಿಟ್ಟೆ. ಅಂವ ಒಂದು ಗೇಣು ಬಲಕ್ಕ ಹೋಗಿದ್ದ ಕಾಣ್ತದ. ಮುಂದಿನ ಗಾಲಿ ಪೂರಾ ಒಳಗ ಇಳೀತು, ನಾ ಹಾರಿ ಅತ್ತ ಬಿದ್ದೆ, ಸ್ಕೂಟಿ ಇತ್ತ ಬಿತ್ತು, ಚೀಲ ನಡಕ ಬಿದ್ದು ಒಡೀತು.

ಸಾಹೇಬ್ರ, ಕರೀ ಕೆಸರಿನ ರೋಡಿನ ಮ್ಯಾಲ ಹಳದೀ ಬ್ಯಾಳಿ ಚೆಲ್ಲಿದ್ದು ನೀವು ನೋಡಿರಿಲ್ಲೋ ಗೊತ್ತಿಲ್ಲ. ಅರಿಶಿಣ ಹರವಿದಂಗ ಕಾಣ್ತಿತ್ತು.

ಹಿಂದಿಂದ ಬಂದ ಹುಡುಗ ಒಬ್ಬಂವ "ಏ ಕಾಕಾ, ನೋಡ್ಕೊಂಡು ಹೊಡೀರಿ" ಅಂತ ಬಯ್ದು ಮುಂದ ಹೊಂಟಿದ್ದ. ಅಟ್ಟರಾಗ ಯಾರೋ ಒದರಿದ್ರು, "ಬ್ಯಾಳಿ! ಬ್ಯಾಳಿ ಅದ! ತುಳೀಬ್ಯಾಡ್ರಿ!" ಅಂತ. ಆ ಹುಡುಗ ಬ್ರೇಕ್ ಹೊಡೆದ ನೋಡ್ರಿ, ನನಗಾಗಿ ಹೊಡೀಲಾರ್ದ ಬ್ರೇಕು, ಬ್ಯಾಳಿಗಾಗಿ ಹೊಡೆದ. ರೋಡಿನ ಬಾಜೂ ಕಸ ಗುಡಸ್ತಿದ್ದ ಹೆಣ್ಮಗಳು ಒಬ್ಬಾಕಿ, ಹಸರು ಕೋಟು ಹಾಕ್ಕೊಂಡಾಕಿ, ಓಡಿ ಬಂದು ಉದ್ದನ್ನ ಕಸಬರಗಿ ರೋಡಿಗಿ ಅಡ್ಡ ಹಾಕಿದ್ಳು, ರೈಲ್ವೆ ಗೇಟ್ ಹಾಕಿದಂಗ. ಒಂದು ಟಂಟಂ ಆಟೋ ಬಂದು ತಾನೇ ಅಡ್ಡ ನಿಂತಿತು. ಅದರ ಹಿಂದ ಬಸ್ಸು, ಬಸ್ಸಿನ ಹಿಂದ ಲಾರಿ, ಹಾರ್ನೋ ಹಾರ್ನು, ಆದ್ರ ಡ್ರೈವರ್ ಕೆಳಗ ಬಗ್ಗಿ ನೋಡಿ ಬ್ಯಾಳಿ ಅಂದ ಕೂಡ್ಲೆ ಹಾರ್ನ್ ಬಂದ್ ಮಾಡ್ದ. ಏಳೆಂಟು ಮಂದಿ ಕೆಳಗ ಕುಂತು ಎರಡೂ ಕೈಲೆ ಬಳೀಲಿಕ್ಕ ಹತ್ತಿದ್ರು. ಬಸ್ಸಿನ ಕಿಟಕಿದಾಗಿಂದ ಒಬ್ಬಾಕಿ ಆಯಿ ತನ್ನ ಕ್ಯಾರಿಬ್ಯಾಗಿನಾಗಿನ ಬಾಳೆಹಣ್ಣು ಉಡ್ಯಾಗ ಹಾಕ್ಕೊಂಡು ಖಾಲಿ ಚೀಲ ಕೆಳಗ ಒಗದ್ಳು.

ಒಬ್ಬಂವ ಅವಸರಕ್ಕ "ಯಕ್ಕಾ, ಕಸಬರಗಿಲೆ ಬಳೀರಿ, ಜಲ್ದಿ ಆಗ್ತದ" ಅಂದ. ಅಕಿ ಅವನಿಗಿ ನೋಡಿದ ನೋಟ ನನಗ ಇನ್ನೂ ಕಣ್ಣಮುಂದ ಅದ. "ಅನ್ನಕ್ಕ ಕಸಬರಗಿ ಹಚ್ಚತಾರೇನೋ?" ಅಂದ್ಳು. ಆ ಕಸಬರಗಿಲೆ ದಿನಾ ನಮ್ಮ ನಿಮ್ಮ ಎಲ್ಲಾರ ಹೊಲಸು ಬಳಿಯಾಕಿ, ಬ್ಯಾಳಿಗಿ ಅದನ್ನ ಸೋಕ್ಸಲಿಲ್ಲ. ಕೈ ಸೆರಗಿಗಿ ಒರಸ್ಕೊಂಡು, ಮ್ಯಾಲಿಂದ ಮ್ಯಾಲಿಂದ ಹಸನ ಇದ್ದಿದ್ದು ಒಂದು ಚೀಲಕ್ಕ, ಕೆಸರ ಹತ್ತಿದ್ದು ಇನ್ನೊಂದು ಚೀಲಕ್ಕ ಹಾಕ್ಕೋತ, "ಇದು ಎಮ್ಮಿಗಾಗ್ತದ, ಒಗೀಬ್ಯಾಡ್ರಿ" ಅಂತ ತಾನೇ ಹುಕುಂ ಮಾಡ್ಲತ್ತಿದ್ಳು.

ಇಟ್ಟೆಲ್ಲ ಆಗೋತನ ನಾ ಎಲ್ಲಿದ್ದೆ ಅಂತೀರಿ? ಗುಂಡ್ಯಾಗೇ ಇದ್ದೆ. ಮೊಣಕಾಲು ಹಿಡ್ಕೊಂಡು ನೀರಾಗ ಕುಂತು ನೋಡ್ಲತ್ತಿದ್ದೆ. ಒಬ್ಬಂವ ಅಂತೂ ನನ್ನ ದಾಟೇ ಹ್ವಾದ, ಬ್ಯಾಳಿ ಕಡಿ. ಎರಡು ಮೂರು ಮಿನಿಟಿನ ಮ್ಯಾಲ ಆ ಟಂಟಂ ಡ್ರೈವರಿಗಿ ನೆನಪಾಯ್ತು, "ಕಾಕಾ, ನಿಮಗೇನರೆ ಹತ್ತ್ಯಾದೇನ್ರೀ?" ಅಂದ. ನನಗ ನೋವಿನಾಗೂ ನಗು ಬಂತು. ಮನಿಗಿ ಹೋಗಿ ಮನಿಯಾಕಿಗಿ ಹೇಳಿದ್ರ, "ನಿಮ್ಮಕಿಂತ ಬ್ಯಾಳಿಗಿ ರೇಟ್ ಜಾಸ್ತಿ ಅದ ಬಿಡ್ರಿ ಈ ಊರಾಗ" ಅಂದ್ಳು. ಅಕಿ ಹೇಳೋದೂ ಖರೇನೇ.

ಆ ಡ್ರೈವರ್ ಭಾಯ್ ನನಗ ಎತ್ತಿ ಟಂಟಂನಾಗ ಕುಂದ್ರಿಸಿ ಆಸ್ಪತ್ರಿಗಿ ಹೊಂಟ. ಸ್ಕೂಟಿ ಬಾಜೂ ಪಂಕ್ಚರ್ ಅಂಗಡಿಯವ್ರು ಇಟ್ಕೊಂಡ್ರು. ಅಪ್ಪನ (ಶರಣಬಸಪ್ಪನ) ಗುಡಿ ಕಡಿ ಬಂದ ಕೂಡ್ಲೆ ಇಂವ ಹ್ಯಾಂಡಲ್ ಬಿಟ್ಟು ಬಲಗೈ ಎದಿಗಿ ಹಚ್ಚಿ ತಲಿ ಬಗ್ಗಿಸಿದ. ಆ ರೋಡಿನಾಗ ಒಂದು ಕೈಲೆ ಟಂಟಂ ಹೊಡೆಯೋದು ಅಂದ್ರ! ನಾ ಅಂದೆ, "ತಮ್ಮಾ, ಹ್ಯಾಂಡಲ್ ಬಿಟ್ಟಿ ಅಲ್ಲೋ." ಅಂವ ಹಿಂದ ತಿರುಗಿ (ಅದೂ ಹಿಂದ ತಿರುಗಿ!) "ಅವರು ಹಿಡ್ಕೋತಾರ ಬಿಡ್ರಿ ಕಾಕಾ" ಅಂದ. ಅವನ ಟಂಟಂನಾಗ ಕನ್ನಡಿ ಮ್ಯಾಲ ಖಾಜಾ ಬಂದಾನವಾಜ ದರ್ಗಾದ ಫೋಟೋ ಇತ್ತು, ಬಾಜೂ ಒಂದು ಲಿಂಬಿಹಣ್ಣು ಮೆಣಸಿನಕಾಯಿ ತೂಗ್ಲತ್ತಿತ್ತು. ಈಗ ಇದನ್ನ ಓದಿ ಇಂವ ಭಾವೈಕ್ಯದ ಭಾಷಣ ಚಾಲೂ ಮಾಡ್ದ ಅನ್ಬ್ಯಾಡ್ರಿ, ಆ ಭಾಷಣ ಸ್ಟೇಜಿನ ಮ್ಯಾಲ ಮಾಡೋರು ಬ್ಯಾರೆ ಅದಾರ. ನಾ ಹೇಳ್ಲತ್ತಿದ್ದು ಹ್ಯಾಂಡಲಿಂದು. ನನಗ ದೇವರ ಮ್ಯಾಲ ನಂಬಿಗಿ ಇಲ್ಲಂತಲ್ಲ, ಸೋಮವಾರ ಗುಡಿಗಿ ಹೋಗ್ತೀನಿ, ಕಾಯಿ ಒಡಸ್ತೀನಿ, ಆದ್ರ ನಾನು ನಂಬಿದ್ದು ಎಲ್ಲಾ ಎರಡೂ ಕೈಲೆ ಹ್ಯಾಂಡಲ್ ಹಿಡ್ಕೊಂಡೇ ನಂಬಿದ್ದು. ಇಂವ ನೋಡಿದ್ರ ದಿನಕ್ಕ ಇಪ್ಪತ್ತು ಟ್ರಿಪ್ ಕೈ ಬಿಟ್ಟು ನಂಬ್ತಾನ. ಆಸ್ಪತ್ರಿ ಬರೋತನ ನಾ ಅವನ ಪರವಾಗಿ ಅಪ್ಪಗೂ ಖಾಜಾಗೂ ಇಬ್ರಿಗೂ ಬೇಡ್ಕೋತ ಕುಂತೆ.

ಎಕ್ಸ್‌ರೇ ತಗಸ್ಲಿಕ್ಕ ಮೂರು ತಾಸು ಹಿಡೀತು, ಮೊದಲ ಚೀಟಿ, ಚೀಟಿಗಿ ಸಹಿ, ಸಹಿ ಮಾಡೋರು ಊಟಕ್ಕ, ಇದೆಲ್ಲ ನಿಮಗ ಗೊತ್ತಿದ್ದಿದ್ದೇ ಅದ. ಅಂವ ಅಲ್ಲೇ ಕುಂತಿದ್ದ. ಹೋಗಪ್ಪಾ ಅಂದ್ರ "ನೀವು ಒಂಟಿ ಕಾಲಿನಾಗ ಹೆಂಗ ಹೋಗ್ತೀರಿ" ಅಂದ. ಎಲುಬು ಮುರದಿರ್ಲಿಲ್ಲ, ಪಟ್ಟಿ ಕಟ್ಟಿ ಕಳಸಿದ್ರು. ಮನಿ ಮುಂದ ಇಳಿಸಿದ ಮ್ಯಾಲ ನಾ ಐನೂರರ ನೋಟ್ ಮುಂದ ಮಾಡ್ದೆ. ಅಂವ ಬಟ್ಟು ಮಡಚಿ ಲೆಕ್ಕ ಮಾಡ್ದ, ಹೋಗೋದು ನಲ್ವತ್ತು, ಬರೋದು ನಲ್ವತ್ತು, ತಪ್ಪಿದ ಟ್ರಿಪ್ಪಿಂದು ಅರ್ಧಾ ಹಿಡ್ಕೊಂಡು ನೂರು, ಒಟ್ಟು ನೂರಾ ಎಂಬತ್ತು, ಬಾಕಿ ಮುನ್ನೂರಾ ಇಪ್ಪತ್ತು ಎಣಿಸಿ ವಾಪಸ್ ಕೊಟ್ಟ. ಪುಕ್ಕಟ ಮಾಡಿದ್ರ ನನಗ ಇಟ್ಟು ಪಾಡ ಅನಸ್ತಿರ್ಲಿಲ್ಲ, ಇದು ಕಿರ್ದಿ ಬರಿಯೋನ ಮನಸಿಗಿ ಹತ್ತೋ ಪುಣ್ಯ. ಅದೇ ಮನುಷ್ಯಾ ಮುಂದಿನ ತಿಂಗಳು ಸುಪರ್ ಮಾರ್ಕೆಟ್ ಕಡಿ ರಾಂಗ್ ಸೈಡಿನಾಗ ಬಂದು ನನಗ ಗುದ್ದೋದ್ರಾಗಿದ್ದ, ಅದನ್ನೂ ಬರೀಬೇಕು, ಇಲ್ಲಾಂದ್ರ ನನ್ನ ಲೆಕ್ಕನೂ ಅರ್ಧಾ ಆಗ್ತದ. ನನಗ ನೋಡಿ ನಕ್ಕು, "ಕಾಕಾ, ಕಾಲು ಹೆಂಗದ?" ಅಂದ, ನಾ ಬಯ್ಬೇಕಂತ ತೆರದ ಬಾಯಿ ಹಂಗೇ ಮುಚ್ಚಿದೆ.

ಮನಿಗಿ ಬಂದ ರಾತ್ರಿ ಆ ಹಸನಾದ ಚೀಲ ತೂಗಿದೆ. ಹವ್ಯಾಸ ಬಿಡಂಗಿಲ್ಲ ನೋಡ್ರಿ. 8 ಕಿಲೋ 350 ಗ್ರಾಂ. ಹತ್ತರಾಗ ಎಂಟೂ ಚಿಲ್ರ ಮಳ್ಯಾಗ, ಕೆಸರಿನಾಗ, ಅಟ್ಟು ಟ್ರಾಫಿಕ್ಕಿನಾಗ ವಾಪಸ್ ಬಂದದ. ನಮ್ಮ ಮಿಲ್ಲಿನಾಗ ಒಳಗ ಹ್ವಾದ ತೊಗರಿಗಿ ಹೊಟ್ಟು ನುಚ್ಚು ಎಲ್ಲಾ ಕಳದು ಬ್ಯಾಳಿ ಇಳಿಯೋದೂ ಅಟ್ಟು ಬರಂಗಿಲ್ಲ.

ನಮ್ಮವ್ವಗ ಈ ಕತಿ ಹೇಳ್ದೆ. ಅಕಿಗಿ ಈಗ ಎಂಬತ್ತರ ಮ್ಯಾಲ. ಆಶ್ಚರ್ಯ ಪಡ್ತಾಳ ಅಂದ್ಕೊಂಡಿದ್ದೆ, "ಮತ್ತ, ತುಳೀತಾರೇನು?" ಅಂದು ಸುಮ್ನಾದ್ಳು. ಅಕಿ 1972ರ ಬರಗಾಲ ಉಂಡಾಕಿ, ನನಗ ಟೊಂಕದ ಮ್ಯಾಲ ಹೊತ್ಕೊಂಡು ಆಳಂದ ಕಡಿ ರೋಡ್ ಕೆಲಸಕ್ಕ ಖಡಿ ಒಡದಾಕಿ. ಇವತ್ತಿಗೂ ಜ್ವಾಳ ಹಸನ ಮಾಡ್ತಿರಬೇಕಾದ್ರ ಒಂದು ಕಾಳು ಸಿಡದು ಆಚಿ ಬಿದ್ರ ಗ್ವಾಡಿ ಹಿಡ್ಕೊಂಡು ಎದ್ದು ಹೋಗಿ ಆರಸಿ, ಕಣ್ಣಿಗಿ ಒತ್ಕೊಂಡು ಮೊರಕ್ಕ ಹಾಕ್ತಾಳ. ನಾವು ನಗ್ತಿದ್ವಿ. ಆ ಗುಂಡ್ಯಾಗ ಕುಂತು ನೋಡಿದ ಮ್ಯಾಲ ತಿಳೀತು, ಜೀನ್ಸ್ ಪ್ಯಾಂಟ್ ಹಾಕ್ಕೊಂಡು ರೋಡಿನ ಮ್ಯಾಲ ಮೊಣಕಾಲೂರಿ ಬ್ಯಾಳಿ ಬಳದನಲ್ಲ ಆ ಬೈಕಿನ ಹುಡುಗ, ಅವನ ಮನ್ಯಾಗೂ ಇಂಥಾಕಿ ಒಬ್ಬಾಕಿ ಮುದುಕಿ ಇರ್ಲೇಬೇಕು.

ತೊಗರಿ ಅಂದ್ರ ನಮಗ ಬರೇ ವ್ಯಾಪಾರ ಅಲ್ರೀ. 2019ರಾಗ ಗುಲ್ಬರ್ಗಾ ತೊಗರಿ ಬ್ಯಾಳಿಗಿ ಜಿಐ ಟ್ಯಾಗ್ ಬಂತು, ಪೇಪರಿನಾಗ ಓದಿ ಸೇಠಜಿ ಪೇಢಾ ಹಂಚಿದ್ರು. ಆದ್ರ ಒಂದು ಬ್ಯಾಳಿ ಆಗೋತನ ಅದರ ಮ್ಯಾಲ ಬೀಳೋ ಕೈ ಎಟ್ಟು ಅಂತೀರಿ. ಹಸನ ಮಾಡ್ಬೇಕು, ಎಣ್ಣಿ ಹಚ್ಚಬೇಕು, ನೀರು ಹೊಡೀಬೇಕು, ಒಣಗಸ್ಬೇಕು, ಸಿಪ್ಪಿ ಬಿಡಸ್ಬೇಕು, ಆಮ್ಯಾಲ ಎರಡು ಹೋಳು. ನಾನು ಆಫೀಸಿನಾಗ ಕುಂತು ಈ ಬಿಸಲಿಗಿ ಶಾಪ ಹಾಕ್ತಿರ್ತೀನಿ, ಹೊರಗ ಅಂಗಳದಾಗ ತೊಗರಿ ಹರವಿದ ಹೆಣ್ಮಕ್ಕಳು ಮಾತ್ರ ಮೋಡ ಕಂಡ್ರ ಮಾರಿ ಸಣ್ಣ ಮಾಡ್ತಾರ. "ಇವತ್ತು ಬಿಸಲು ಪಾಡ ಬಿತ್ತು ಮುನೀಮ್ರೇ" ಅಂತ ಒಬ್ಬಾಕಿ ನನಗ ಮೇ ತಿಂಗಳಾಗ ಅಂದಿದ್ಳು, ನನಗ ಮೊದಲ ಚೇಷ್ಟಿ ಮಾಡ್ಲತ್ತಾಳ ಅನಸ್ತು. ಅಕಿ ಖರೇನೇ ಖುಷಿಯಾಗಿದ್ಳು. ಒಂದೇ ಬಿಸಲು, ನನಗ ಖರ್ಚು, ಅಕಿಗಿ ಜಮಾ. ಹಂಗಂತ ಅಕಿಗಿ ತ್ರಾಸ ಆಗಂಗಿಲ್ಲ ಅಂತಲ್ಲ, ಸೆರಗು ನೀರಾಗ ಅದ್ದಿ ತಲಿ ಮ್ಯಾಲ ಹಾಕ್ಕೋತಾಳ, ಹತ್ತು ಮಿನಿಟಿಗಿ ಒಣಗ್ತದ, ಮತ್ತ ಅದ್ದತಾಳ.

ಈ ಊರಿಗಿ ನಾ ಬಂದಿದ್ದು 1994ರಾಗ. ಪಗಾರ ಚಾಲೂ ಆಗ್ಲಿಕ್ಕ ಎರಡು ತಿಂಗಳು ಹಿಡೀತು, ಆ ಎರಡು ತಿಂಗಳು ಮಧ್ಯಾಹ್ನದ ಊಟ ನಂದು ಅಪ್ಪನ ಗುಡಿ ದಾಸೋಹದಾಗ. ಪಂಕ್ತಿಗಿ ಕುಂತ್ರ ಯಾರೂ ನೀ ಯಾರು, ಎಲ್ಲಿಯಂವ, ನಿನ್ನೆನೂ ಬಂದಿದ್ದಿ ಅಲ್ಲ ಅಂತ ಕೇಳ್ಲಿಲ್ಲ. ಇದಕ್ಕ ನಾಚಿಕಿ ಪಟ್ಟು ಎಟ್ಟೋ ವರ್ಷ ನಾ ಯಾರ ಮುಂದೂ ಹೇಳಿರ್ಲಿಲ್ಲ, ಹೆಂಡ್ತಿ ಮುಂದ ಸುದ್ದಾ. ಶರಣಬಸಪ್ಪ ಸಣ್ಣಂವ ಇದ್ದಾಗ ಹೊಲ ಕಾಯಿ ಅಂತ ಕಳಸಿದ್ರ ಹಕ್ಕಿ ಹೊಡೀಲಾರ್ದ, ತಿನ್ರೀ ಅಂತ ಬಿಟ್ಟು, ಮ್ಯಾಲ ಕುಡೀಲಿಕ್ಕ ನೀರೂ ಇಟ್ಟನಂತ, ಆದ್ರೂ ರಾಶಿ ಕಮ್ಮಿ ಆಗ್ಲಿಲ್ಲಂತ, ಹಿರ್ಯಾರು ಹೇಳ್ತಾರಲ್ಲ ಆ ಕತಿ. ಲೆಕ್ಕ ಬರಿಯಾಂವ ಆಗಿ ನನಗ ಈ ಕತಿ ಯಾವತ್ತೂ ಸರಿ ಕೂಡಿಲ್ಲ, ಹಕ್ಕಿ ತಿಂದ ಮ್ಯಾಲ ರಾಶಿ ಕಮ್ಮಿ ಆಗ್ಲೇಬೇಕು. ಆದ್ರ ಆ ಎರಡು ತಿಂಗಳು ತಿಂದ ಹಕ್ಕಿ ನಾನೇ ಅಲ್ಲೇನ್ರೀ, ರಾಶಿ ಕಮ್ಮಿ ಆಗ್ಯಾದಂತ ಯಾರೂ ಬಂದು ವಸೂಲಿ ಮಾಡಿಲ್ಲ. ಇನ್ನೊಂದು ಅಡ್ಡ ಮಾತು, ಅಂಕಿ ಕಂಡ್ರ ಬಿಡ್ಲಾರ್ದ ಹುಚ್ಚು ನಂದು. ಖಾಜಾ ಬಂದಾನವಾಜ ತೀರಿಕೊಂಡಿದ್ದು 1422, ಶರಣಬಸಪ್ಪ ಲಿಂಗೈಕ್ಯ ಆಗಿದ್ದು 1822, ನಡಕ ಬರೋಬ್ಬರಿ 400 ವರ್ಷ. ಇದಕ್ಕೇನೂ ಅರ್ಥ ಇಲ್ಲ, ಸುಮ್ನ ಹೇಳ್ದೆ.

ಈಗ ಕೆಲವ್ರು ಏನಂತಾರ, ಹಂಗಾರ ಸುಮ್ನ ಕೈ ಮುಗದು ಕುಂದ್ರು, ನೀರು ಬರ್ಲಿಲ್ಲಂದ್ರೂ ದೇವರ ಪ್ರಸಾದ ಅನ್ನು ಅಂತ. ಮುಂಜಾನಿ ಮುಂಜಾನಿ ವಾಟ್ಸಾಪಿನಾಗ ಗುಲಾಬಿ ಹೂವಿನ ಫೋಟೋ ಹಾಕಿ, ಇದ್ದದ್ರಾಗ ಸುಖ ಕಾಣ್ರಿ, ಪಾಸಿಟಿವ್ ಇರ್ರಿ ಅಂತ ಕಳಸ್ತಾರಲ್ಲ, ಅವರ ಮ್ಯಾಲ ನನಗ ಖರೇ ಸಿಟ್ಟದ, ಅವರ ಮನ್ಯಾಗ ಬೋರ್ ಇರ್ತದ ಅದಕ್ಕ ಪಾಸಿಟಿವ್ ಇರ್ತಾರ. ನಮ್ಮ ಭಾಗದ ಮಂದಿ ಬಾಯಿ ಮುಚ್ಕೊಂಡು ಕುಂತಿದ್ರ 371ಜೆ (ಈ ಭಾಗದ ಮಂದಿಗಿ ಓದಿನಾಗ, ನೌಕರ್ಯಾಗ ಮೀಸಲಾತಿ ಕೊಡೋ ಸಂವಿಧಾನದ ಕಲಂ) ಬರ್ತಿತ್ತೇನ್ರೀ? ಎಟ್ಟು ವರ್ಷ ಧರಣಿ, ಎಟ್ಟು ಬಂದ್, ಎಟ್ಟು ಮನವಿ. ಬೀದರ-ಕಲಬುರಗಿ ರೈಲ್ವೆ ಲೈನ್ ಸಲುವಾಗಿ ನಾನೇ ತರುಣ ಇದ್ದಾಗ ಪೋಸ್ಟ್ ಕಾರ್ಡಿನಾಗ ಪೇಪರಿಗಿ ಬರೀತಿದ್ದೆ, 2017ರಾಗ ಗಾಡಿ ಓಡ್ತು, ಅಟ್ಟೊತ್ತಿಗಿ ನನ್ನ ತಲ್ಯಾಗ ಬಿಳೀ ಕೂದಲ ಬಂದಿದ್ವು. ನನ್ನ ಮಗ ಇಂಜಿನಿಯರ್ ಆಗಿದ್ದು ಆ 371ಜೆ ಸೀಟಿನ ಮ್ಯಾಲ. ಅದು ನನ್ನ ಜಮಾ ಬಾಜೂ ಬರೀತದ, ಆದ್ರ ಆ ಜಮಾ ಬಂದಿದ್ದು ಯಾರೋ ಬ್ಯಾರೇರು ರೋಡಿನ ಮ್ಯಾಲ ಕುಂತು ತಕರಾರು ಮಾಡಿದ್ರಿಂದ. ಹಂಗಿದ್ಮ್ಯಾಲ ತಕರಾರು ಮಾಡೋರಿಗೂ ಒಂದು ಶರಣು ಇರ್ಲಿ. ಆ ಹುಡುಗನಿಗೂ.

ಮಗ ಈಗ ಬೆಂಗಳೂರಿನಾಗ ಅದಾನ. ರಾತ್ರಿ ಫೋನ್ ಮಾಡ್ದಾಗೆಲ್ಲ ಅಂವ ಬಸ್ಸಿನಾಗೇ ಇರ್ತಾನ, "ಅಪ್ಪಾ, ಇನ್ನೂ ಸಿಲ್ಕ್ ಬೋರ್ಡ್ ದಾಟಿಲ್ಲ" ಅಂತಾನ. ಇಲ್ಲಿ ನೀರಿಗಾಗಿ ನಾವು ಎಚ್ಚರ, ಅಲ್ಲಿ ಟ್ರಾಫಿಕ್ಕಿಗಾಗಿ ಅಂವ ಎಚ್ಚರ. ಎರಡು ವರ್ಷ ಆಯ್ತು, ಬಾಜೂ ರೂಮಿನಂವನ ಹೆಸರು ಗೊತ್ತಿಲ್ಲಂತ. ಊರಿಂದ ಹೋಗೋರ ಕೈಯಾಗ ಅವ್ವ ಖಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಸ್ತಾಳ, ಒಮ್ಮೆ ಆ ಹೆಸರು ಗೊತ್ತಿಲ್ಲದಂವನಿಗೂ ಎರಡು ರೊಟ್ಟಿ ಕೊಟ್ಟನಂತ, ಅಂವ ಹಪ್ಪಳ ಅಂದ್ಕೊಂಡು ತಿಂದನಂತ. ಆ ಪತ್ರದ ಹುಡುಗನಿಗಿ ಬೆಂಗಳೂರಿಗಿ ಹೋಗಬ್ಯಾಡ ಅಂತ ನಾ ಹೇಳಂಗಿಲ್ಲ, ನೌಕರಿ ಇರೋದೇ ಅಲ್ಲಿ ಅಂದ್ಮ್ಯಾಲ ಏನು ಮಾಡ್ತಾನ, ಹೋಗ್ಲಿ, ದುಡೀಲಿ. ಹಿಂದ ತಿರುಗಿ ನೋಡಬಾರ್ದು ಅಂದನಲ್ಲ, ಅದೊಂದು ಮಾತು ಮನಸಿಗಿ ಚುಚ್ಚಿತು.

ಕಾಲಿಗಿ ಪಟ್ಟಿ ಕಟ್ಕೊಂಡು ಹದಿನೈದು ದಿನ ಮನ್ಯಾಗ ಕುಂತಿದ್ದೆ. ದಿನಾ ಬಯ್ಯೋದು ನಂದು, ಗುಂಡಿಗಿ, ಮಳಿಗಿ, ಕರೆಂಟಿಗಿ, ಟಿವಿಗಿ. ಮನಿಯಾಕಿ ಬ್ಯಾಸತ್ತು, "ಮಂದಿ ಕಿರ್ದಿ ಮೂವತ್ತು ವರ್ಷ ಬರ್ದಿರಿ, ನಿಮ್ಮ ಕಿರ್ದಿ ಒಂದು ಬರೀರಿ, ಬಯ್ಯೋದರೆ ನಿಂದರ್ತದ" ಅಂದ್ಳು. ಮಗಳ ಹಳೇ ನೋಟ್‌ಬುಕ್ ಒಂದಿತ್ತು, ಅದರಾಗ ನಡಕ ಗೆರಿ ಹೊಡದು ಚಾಲೂ ಮಾಡ್ದೆ, ಖರ್ಚಿನ ಕಡಿ ಬೈಗಳು, ಜಮಾ ಕಡಿ ಯಾರಿಂದ ಏನು ಬಂತು. ಈಗ ವರ್ಷ ಆಗ್ಲಿಕ್ಕ ಬಂತು. ನೀರು ಎರಡೂ ನಲ್ವತ್ತಕ್ಕ ಬಂತು, ನಾ ಮಲಗಿಬಿಟ್ಟಿದ್ದೆ, ಬಾಜೂ ಮನಿ ಕಾಕು ಬಾಗಿಲ ಬಡದು ಎಬ್ಬಿಸಿದ್ಳು, ಬರ್ಕೋ ಜಮಾ. ಗಂಜಿನಾಗ ಹಮಾಲ ಒಬ್ಬಂವ ತನ್ನ ಮಜ್ಜಿಗಿದಾಗ ಅರ್ಧಾ ಗ್ಲಾಸ್ ಕೊಟ್ಟ. ಬಸ್ಸಿನಾಗ ಕಾಲೇಜ್ ಹುಡುಗಿ ಎದ್ದು ಸೀಟ್ ಬಿಟ್ಳು, (ಇದನ್ನ ಜಮಾ ಬರೀಲ್ಯೋ ಖರ್ಚು ಬರೀಲ್ಯೋ ತಿಳೀಲಿಲ್ಲ, ನಾ ಮುದುಕ ಕಾಣ್ಲತ್ತೀನಿ ಅಂತಾಯ್ತಲ್ಲ). ಮ್ಯಾಲಿನ ಮನಿ ಹುಡುಗ ನಮ್ಮ ಡ್ರಮ್ ತುಂಬಿದ ಮ್ಯಾಲ ತನ್ನ ಪೈಪ್ ಹಚ್ಚಿದ. ಒಂದೊಂದು ದಿನ ಜಮಾ ಕಡಿ ಏನೂ ಇರಂಗಿಲ್ರೀ. ಅವತ್ತು ಸೊನ್ನಿ ಹಾಕಿ ಮಲಗ್ತೀನಿ. ಇಲ್ಲದ ಜಮಾ ತೋರ್ಸೋದು ಮುನೀಮನ ಕೆಲಸಲ್ಲ. ಬೈಗಳು ನಿಂತಾವೇನು ಅಂತ ಮನಿಯಾಕಿಗಿ ಕೇಳ್ರಿ, ನಿಂತಿಲ್ಲ. ಆದ್ರ ಬಯ್ಕೋತ ಮಲಗಿದ್ರೂ ನಿದ್ದಿ ಹತ್ತತದ, ಮೊದಲ ಹತ್ತತಿರ್ಲಿಲ್ಲ.

ಪತ್ರ ಮುಗಸ್ತೀನಿ, ಎರಡು ಮಾತು ಉಳದಾವ. ಒಂದು, ಹುಮನಾಬಾದ್ ಬೇಸ್ ಮುಂದಿನ ಆ ಗುಂಡಿ ಇನ್ನೂ ಅದ. ನಡಕ ಒಮ್ಮೆ ಖಡಿ ಹಾಕಿದ್ರು, ಒಂದು ಮಳಿಗಿ ಹರದು ಹೋಯ್ತು. ಮತ್ತ ಮಳಿಗಾಲ ಬರೋದ್ರಾಗ ಮುಚ್ಚಬೇಕು, ಇದನ್ನ ದಪ್ಪ ಅಕ್ಷರದಾಗ ಹಾಕಿದ್ರೂ ನಡೀತದ. ಎರಡನೇದು, ಆ ಕಸ ಗುಡಸೋ ಅಕ್ಕ. ಜರಾ ನಡೀಲಿಕ್ಕ ಬಂದ ಮ್ಯಾಲ ಅಕಿಗಿ ಹುಡುಕ್ಕೊಂಡು ಮೂರು ಸಲ ಹೋಗಿ ಬಂದೆ, ಅಕಿಗಿ ಬ್ಯಾರೆ ವಾರ್ಡಿಗಿ ಹಾಕ್ಯಾರಂತ, ಯಾವ ವಾರ್ಡು ಅಂತ ಅಲ್ಲಿದ್ದೋರಿಗಿ ಗೊತ್ತಿಲ್ಲ, ಹೆಸರು ಕೇಳೋದು ಅವತ್ತು ನನಗ ಹೊಳೀಲಿಲ್ಲ. ಅಕಿ ನಿಮ್ಮ ಪೇಪರ್ ಓದ್ತಾಳೋ ಇಲ್ಲೋ, ಓದಿದವ್ರು ಯಾರರೆ ಅಕಿಗಿ ಹೇಳ್ರಿ. ಅಕಿ ಪಾಲಿಂದು ಎರಡು ಕಿಲೋ ಫಟ್ಕಾ ಬ್ಯಾಳಿ ಮಿಲ್ಲಿನಾಗ ನನ್ನ ಟೇಬಲ್ ಕೆಳಗ ಡಬ್ಬಿದಾಗ ಇಟ್ಟೀನಿ, ಹುಳ ಆಗಬಾರ್ದಂತ ಬೇವಿನ ಎಲಿ ಹಾಕೀನಿ, ಎರಡು ಸಲ ಬಿಸಲಿಗೂ ಹಾಕಿ ತಗದೀನಿ. ಗಂಜಿನಾಗ ಬಂದು ಕಾಲು ಕುಂಟೋ ಮುನೀಮ ಎಲ್ಲಿ ಅಂತ ಯಾರಿಗಿ ಕೇಳಿದ್ರೂ ತೋರಸ್ತಾರ.

ಇಂತಿ ನಿಮ್ಮ ಹಳೇ ಓದುಗ,
ದಾಲ್ ಮಿಲ್ ಮುನೀಮ, ಶಹಾಬಜಾರ್, ಕಲಬುರಗಿ